ಜಾಲಿ ಬೆಳೆದ ದಾರಿಯಲ್ಲಿ ಗಾಡಿಯ ಬಣ್ಣ ಉಳಿಸುವುದು

ಮುಂಗಾರು ಎರಡು ಹದ ಬಿತ್ತೆಂದರೆ ನಮ್ಮ ಕಡೆಯ ಬಂಡಿದಾರಿಗಳು ಕಿರಿದಾಗುತ್ತವೆ. ಎರಡೂ ಬದಿಯ ಬೇಲಿಯಿಂದ ಬಳ್ಳಾರಿ ಜಾಲಿ, ಲಂಟಾನ, ಕಾರೆಮುಳ್ಳು ಒಳಕ್ಕೆ ಚಾಚುತ್ತವೆ. ಹಿಂದೆ ಎತ್ತಿನ ಗಾಡಿ ಹೋಗುವಾಗ ಗೂಟಕ್ಕೆ ತಾಗಿದರೆ ಯಾರೂ ಕೇಳುತ್ತಿರಲಿಲ್ಲ. ಈಗ ಹೋಗೋದು ಟ್ರ್ಯಾಕ್ಟರು, ಬೈಕು, ಸಣ್ಣ ಲಗೇಜ್ ಗಾಡಿ. ಕರ್ರ್ ಅಂತ ಗೀರು ಬೀಳುತ್ತದೆ.

"ಹೊಲಕ್ಕೆ ಹೋಗೋ ಗಾಡಿಗೆ ಬಣ್ಣದ ಶೋಕಿ ಯಾಕೆ, ಎಂಜಿನ್ ಗಟ್ಟಿ ಇದ್ರೆ ಸಾಕು" ಅನ್ನೋರು ಬಹಳ ಮಂದಿ. ಬಣ್ಣ ಇರೋದು ಅಂದಕ್ಕಷ್ಟೇ ಅಲ್ಲ. ಅದು ತಗಡಿನ ಚರ್ಮ. ಚರ್ಮ ಹರಿದರೆ ಗಾಯ ಆಗುವ ಹಾಗೆ, ಬಣ್ಣ ಹರಿದರೆ ತುಕ್ಕು.

ಗೀರಿನಿಂದ ಆಗುವ ನಷ್ಟ

ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣದ ಪದರಗಳನ್ನೆಲ್ಲ ಸೇರಿಸಿದರೂ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು. ಪೋಸ್ಟ್ ಕಾರ್ಡಿಗಿಂತ ತೆಳು. ಜಾಲಿಯ ಒಣ ಮುಳ್ಳು ಇದನ್ನು ಸೀಳಿ ತಗಡು ಮುಟ್ಟುತ್ತದೆ. ಅಲ್ಲಿಗೆ ನೀರು, ಗಾಳಿ ಸೇರಿದರೆ ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ, ಹಾಗಾಗಿ ಪಕ್ಕದ ಬಣ್ಣವನ್ನೂ ಎಬ್ಬಿಸಿಕೊಂಡು ಒಳಗೊಳಗೇ ಹರಡುತ್ತದೆ. ಮೇಲೆ ಕೂದಲೆಳೆ ಗೀರು ಕಂಡರೂ ಅಡಿಯಲ್ಲಿ ಬೆರಳಗಲ ತಿಂದಿರುತ್ತದೆ. ಗೊಬ್ಬರದ ಚೀಲ ಹೇರುವ ಟ್ರೇಲರಿಗೆ ಇದು ಇನ್ನೂ ಬೇಗ, ಯಾಕೆಂದರೆ ಉಪ್ಪಿನಂಶದ ಗೊಬ್ಬರ ತುಕ್ಕನ್ನು ಚುರುಕು ಮಾಡುತ್ತದೆ. ಗಾಡಿ ಮಾರುವಾಗ ದಲ್ಲಾಳಿ ಮೊದಲು ಬೆರಳಿಟ್ಟು ತೋರಿಸೋದೇ ಈ ತುಕ್ಕನ್ನು.

ಫೈಬರ್, ಪ್ಲಾಸ್ಟಿಕ್ ಭಾಗಗಳಿಗೆ ತುಕ್ಕಿಲ್ಲ. ಅಲ್ಲಿ ಗೀರು ಬಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಕಾಯಬೇಕಾದ್ದು ತಗಡು: ಟ್ರ್ಯಾಕ್ಟರಿನ ಮಡ್‌ಗಾರ್ಡು, ಬಾನೆಟ್, ಬೈಕಿನ ಪೆಟ್ರೋಲ್ ಟ್ಯಾಂಕ್, ಟ್ರೇಲರಿನ ಪಕ್ಕದ ಹಲಗೆ.

ಮೊದಲ ಮದ್ದು ದಾರಿಗೆ

ಯಾವ ಪಾಲಿಶ್ ಹಚ್ಚಿದರೂ ಜಾಲಿ ಮುಳ್ಳು ನಿಲ್ಲೋದಿಲ್ಲ. ಕೊಂಬೆ ತೆಗೆಯೋದೇ ನಿಜವಾದ ಉಪಾಯ.

ಜಾಲಿ ದಾರಿಯ ಪಕ್ಕದಲ್ಲೇ ಯಾಕೆ ದಟ್ಟ? ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಆದರೆ ಬಳ್ಳಾರಿ ಜಾಲಿಯ ಸೊಪ್ಪನ್ನು ಆಡೂ ಸರಿಯಾಗಿ ಮೇಯೋದಿಲ್ಲ. ಕಾಯಿ ಮಾತ್ರ ಸಿಹಿ. ಆಡು, ಕುರಿ, ದನ ಎಲ್ಲವೂ ತಿನ್ನುತ್ತವೆ. ಬೀಜ ಜೀರ್ಣವಾಗದೆ ಹಿಕ್ಕೆ, ಸಗಣಿಯಲ್ಲಿ ಬಿದ್ದು ಮೊಳೆಯುತ್ತದೆ. ಮಂದೆ ನಡೆಯೋದು ದಾರಿಯಲ್ಲಿ, ಬಿತ್ತನೆಯೂ ದಾರಿಯುದ್ದಕ್ಕೂ!

ಮೇಲೆ ಸವರಿದರೆ ಬುಡದಿಂದ ನಾಲ್ಕು ಚಿಗುರು ಒಡೆಯುತ್ತದೆ, ಮರುವರ್ಷ ದಾರಿ ಇನ್ನೂ ಕಿರಿದು. ಚಿಗುರುವ ಕಣ್ಣುಗಳು ಇರೋದು ಬುಡದಲ್ಲಿ. ಆದ್ದರಿಂದ ಪಿಕಾಸಿಯಿಂದ ಬುಡ ಬಿಡಿಸಿ, ನೆಲದಿಂದ ಒಂದು ಗೇಣು ಕೆಳಗೆ ಬೇರು ಕಡಿಯಬೇಕು. ಮಳೆ ಬಿದ್ದು ನೆಲ ಮೆತ್ತಗಿದ್ದಾಗ ಸಣ್ಣ ಗಿಡ ಬೇರುಸಹಿತ ಬರುತ್ತದೆ. ನೆಲದ ಮೇಲೆ ಓರೆಯಾಗಿ ಕಡಿದು ಬಿಟ್ಟ ಕೂಳೆ ಟೈರಿಗೆ ಈಟಿ ಇದ್ದಂಗೆ. ಕಡಿದ ಮುಳ್ಳನ್ನೂ ದಾರಿಯಲ್ಲಿ ಬಿಡಬಾರದು. ದಪ್ಪ ಕೊಂಬೆ ಸೌದೆಗೆ, ಉಳಿದದ್ದು ಬೇಲಿಗೆ.

ಅಗಲ ಎಷ್ಟು? ಟ್ರೇಲರ್ ಸುಮಾರು ಆರಡಿ. ಎರಡೂ ಬದಿ ಎರಡೆರಡು ಅಡಿ ಸೇರಿಸಿ ಹತ್ತಡಿ ಬಿಡಿಸಿದರೆ ನೆಮ್ಮದಿ. ಎತ್ತರವನ್ನು ಖಾಲಿ ಗಾಡಿ ನೋಡಿ ಅಳೆಯಬೇಡಿ, ಶೇಂಗಾ ಹೊಟ್ಟು ತುಂಬಿದ ಗಾಡಿ ನೋಡಿ ಅಳೆಯಿರಿ. ವರ್ಷಕ್ಕೆ ಎರಡು ಸಲ ಸಾಕು: ಬಿತ್ತನೆಗೆ ಮೊದಲು ಕೃತ್ತಿಕೆ ಮಳೆಯ ಹೊತ್ತಿಗೆ, ಕೊಯ್ಲಿಗೆ ಮೊದಲು ಉತ್ತರೆಯಲ್ಲಿ.

ದಾರಿ ಎಲ್ಲರದೂ ಆದ್ದರಿಂದ ಯಾರದೂ ಅಲ್ಲ ಅನ್ನುವ ಹಾಗಾಗುತ್ತದೆ. ನಮ್ಮ ದಾರಿಗೆ ಒಂಬತ್ತು ಹೊಲದವರು. ಮನೆಗೊಂದು ಆಳು, ಒಂದು ಹೊತ್ತು. ಆಳು ಕಳಿಸಲಾಗದವರು ಊಟ ಕೊಡುತ್ತಾರೆ. ಬೇಲಿಯವನನ್ನು ಕೇಳದೆ ಒಂದು ಕಡ್ಡಿಯನ್ನೂ ಮುಟ್ಟುವುದಿಲ್ಲ. ಅವನ ಕೈಯಲ್ಲೇ ಮಚ್ಚು ಕೊಡುವುದು ಇನ್ನೂ ಒಳ್ಳೆಯದು, ಜಗಳ ಇರೋದಿಲ್ಲ.

ಓಡಿಸುವಾಗ

ಇಕ್ಕಟ್ಟು ಬಂದರೆ ನಿಲ್ಲಿಸಿ, ಇಳಿದು ನೋಡಿ. ಕನ್ನಡಿ ಮಡಚಿ. ಸೀಟಿನ ಕೆಳಗೆ ಒಂದು ಮಚ್ಚು ಇರಲಿ. ಕೊಂಬೆಯ ತುದಿ ನಾವು ಹೋಗುವ ದಿಕ್ಕಿಗೇ ಇದ್ದರೆ ಸವರಿಕೊಂಡು ಜಾರುತ್ತದೆ. ನಮ್ಮ ಎದುರಿಗಿದ್ದರೆ ಇರಿಯುತ್ತದೆ. ಹೋಗುವಾಗ ಜಾರಿದ ಕೊಂಬೆಯೇ ಬರುವಾಗ ಇರಿಯುತ್ತದೆ, ಇದನ್ನು ನೆನಪಿಡಿ. ಮುಳ್ಳು ಸಿಕ್ಕಿಕೊಂಡಾಗ ರಿವರ್ಸ್ ಎಳೆದರೆ ಗೀರು ಆಳವಾಗುತ್ತದೆ. ಕಡಿದು ಬಿಡಿಸಿ. ಬೆಳಗಿನ ಇಬ್ಬನಿಗೆ, ಮಳೆಗೆ ಕೊಂಬೆಗಳು ಭಾರವಾಗಿ ಜೋಲುತ್ತವೆ. ಬಿಸಿಲೇರಿದ ಮೇಲೆ ಅದೇ ದಾರಿ ಸ್ವಲ್ಪ ಸಲೀಸು.

ಬೈಕಿನಲ್ಲಿ ಮುಂದೆ ಕೂತವರು ಕೊಂಬೆ ಬಾಗಿಸಿ ಬಿಟ್ಟರೆ ಹಿಂದಿನವರ ಮುಖಕ್ಕೆ ಹೊಡೆಯುತ್ತದೆ. ಬಣ್ಣ ಹೋದರೆ ಬಳಿಯಬಹುದು, ಕಣ್ಣು ಹೋದರೆ ಬರೋದಿಲ್ಲ.

ಧೂಳು, ಹೊದಿಕೆ

ಅರ್ಧ ಗೀರು ಮುಳ್ಳಿನದು, ಅರ್ಧ ನಮ್ಮ ಕೈಯದೇ. ಧೂಳಿನಲ್ಲಿರುವ ಮರಳಿನ ಕಣ ಬಣ್ಣಕ್ಕಿಂತ ಗಟ್ಟಿ. ಒಣ ಬಟ್ಟೆಯಲ್ಲಿ ಒರೆಸಿದರೆ ಎಮರಿ ಕಾಗದ ಉಜ್ಜಿದ ಹಾಗೆ. ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಒದ್ದೆ ಬಟ್ಟೆಯಿಂದ ಮೆತ್ತಗೆ ಒರೆಸಬೇಕು. ನೀರಿಗೆ ತತ್ವಾರ ಇದ್ದರೆ ಒರೆಸದೆ ಬಿಡುವುದೇ ಮೇಲು. ಡೀಸೆಲ್ ಹಚ್ಚಿ ಮಿಂಚಿಸುವ ಅಭ್ಯಾಸ ಬೇಡ. ಜಿಡ್ಡಿಗೆ ಇನ್ನಷ್ಟು ಧೂಳು ಅಂಟುತ್ತದೆ, ರಬ್ಬರೂ ಹಾಳು. ತೊಳೆದ ಮೇಲೆ ಮೇಣದ ಪಾಲಿಶ್ ಹಚ್ಚಿದರೆ ಎಲೆ, ಎಳೆ ಕಡ್ಡಿ ಜಾರಿ ಹೋಗುತ್ತವೆ. ಮುಳ್ಳಿಗೆ ಅದು ತಡೆ ಅಲ್ಲ.

ತೀರ ಇಕ್ಕಟ್ಟಾದ ದಾರಿಗೆ ಮಡ್‌ಗಾರ್ಡು, ಟ್ಯಾಂಕಿನ ಮೇಲೆ ಹಳೇ ಕೌದಿ ಕಟ್ಟಬಹುದು. ಎರಡು ಮಾತು ಗಮನಿಸಿ. ಸಡಿಲ ಕಟ್ಟಿದರೆ ಗಾಳಿಗೆ ಪಟಪಟಿಸಿ ಅದೇ ಬಣ್ಣ ತಿನ್ನುತ್ತದೆ, ಬಿಗಿಯಾಗಿ ಕಟ್ಟಿ. ಬಿಸಿಯಾಗುವ ಸೈಲೆನ್ಸರಿಗೆ ತಾಗಬಾರದು. ಮನೆಗೆ ಬಂದ ಕೂಡಲೇ ಬಿಚ್ಚಿ, ಒದ್ದೆ ಬಟ್ಟೆ ಅಡಿಯಲ್ಲೇ ತುಕ್ಕು ಹುಟ್ಟುತ್ತದೆ.

ಗೀರು ಬಿದ್ದ ಮೇಲೆ

ತೊಳೆದು ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಮೇಲ್ಪದರದ ಗೀರು, ಪಾಲಿಶ್ ಸಾಕು. ಸಿಕ್ಕಿಕೊಂಡು, ತಗಡು ಕಂಡರೆ ಮುಂದೂಡಬೇಡಿ:

1. ಎಮರಿ ಕಾಗದದಿಂದ ತುಕ್ಕು ಪೂರಾ ಹೋಗುವ ತನಕ ಗೀರನ್ನಷ್ಟೇ ಉಜ್ಜಿ, ಒರೆಸಿ, ಚೆನ್ನಾಗಿ ಒಣಗಿಸಿ.
2. ತೆಳುವಾಗಿ ರೆಡ್ ಆಕ್ಸೈಡ್ ಹಚ್ಚಿ, ರಾತ್ರಿ ಪೂರ್ತಿ ಒಣಗಲು ಬಿಡಿ.
3. ಗಾಡಿಯ ಬಣ್ಣವನ್ನು ಸಣ್ಣ ಕುಂಚದಿಂದ ಎರಡು ಸಲ ತೆಳುವಾಗಿ ಹಚ್ಚಿ. ಮೊದಲನೆಯದು ಒಣಗಿದ ಮೇಲೇ ಎರಡನೆಯದು.

ಮೋಡ, ತೇವ ಇದ್ದ ದಿನ ಬಳಿಯಬೇಡಿ. ಕೊಯ್ಲಿನ ಗಡಿಬಿಡಿಯಲ್ಲಿ ಪುರುಸೊತ್ತಿಲ್ಲದಿದ್ದರೆ ಗೀರಿನ ಮೇಲೆ ಗ್ರೀಸ್ ಸವರಿಡಿ, ನೀರು ತಾಗೋದಿಲ್ಲ. ಬಣ್ಣ ಬಳಿಯುವ ಮೊದಲು ಆ ಜಿಡ್ಡನ್ನು ಥಿನ್ನರಿನಿಂದ ಪೂರ್ತಿ ತೆಗೆಯಬೇಕು, ಇಲ್ದಿದ್ರೆ ಬಣ್ಣ ಹಿಡಿಯೋದಿಲ್ಲ.

ರೆಡ್ ಆಕ್ಸೈಡಿನ ಸಣ್ಣ ಡಬ್ಬಿ, ಎರಡು ಹಾಳೆ ಎಮರಿ ಕಾಗದ ಮನೆಯಲ್ಲಿದ್ದರೆ ಇಡೀ ವರ್ಷಕ್ಕೆ ಆಗುತ್ತದೆ. ತಗಡು ತೂತಾದ ಮೇಲೆ ಬೆಸುಗೆ, ಬಣ್ಣ, ಜೊತೆಗೆ ಕೆಲಸದ ದಿನಗಳಲ್ಲೇ ಗಾಡಿ ನಿಲ್ಲುವ ನಷ್ಟ. ಸಾಲದ ಕಂತು ಮುಗಿಯುವ ಮೊದಲೇ ತಗಡು ಮುಗಿಯಬಾರದು. ಈ ವರ್ಷದ ಕೃತ್ತಿಕೆಗೆ ಪಿಕಾಸಿ ಹಿಡಿದು ದಾರಿಗೆ ಇಳಿಯಿರಿ. ಜಾಲಿ ಬುಡ ಮತ್ತೆ ಚಿಗುರದಂತೆ ಮಾಡುವ ಬೇರೆ ಸುಲಭ ಉಪಾಯ ಕಂಡುಕೊಂಡವರು ಪತ್ರಿಕೆಗೆ ಬರೆದು ತಿಳಿಸಿದರೆ ನಮ್ಮಂಥವರಿಗೆ ಉಪಕಾರ.