ಕಿರಣ: ಕಲಿಸುವ ವಿಮಾನ

ಗದ್ದೆಯಲ್ಲಿ ಕಳೆ ಕೀಳುತ್ತಿರುತ್ತೇವೆ. ಮೇಲೆ ಗುಂಯ್ ಅಂತ ಸದ್ದು. ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತೇವೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಯಾವ ಊರೇ ಆಗಲಿ, ವಿಮಾನ ಹೋದರೆ ನೋಡದವರು ಉಂಟೆ? ಅದನ್ನು ಹಾರಿಸುವವರು ಹೇಗೆ ಕಲಿಯುತ್ತಾರೆ? ತಿಳಿಯೋಣ ಬನ್ನಿ.

ಸೈಕಲ್ ಕಲಿಯುವಾಗ ಹಿಂದಿನಿಂದ ಒಬ್ಬರು ಹಿಡಿದುಕೊಳ್ಳುತ್ತಾರೆ ಅಲ್ಲವೇ? ವಿಮಾನಕ್ಕೂ ಹಾಗೇ. ವಾಯುಪಡೆಯಲ್ಲಿ ಕಲಿಯೋದಕ್ಕೇ ಬೇರೆ ಸಣ್ಣ ವಿಮಾನ ಇರುತ್ತದೆ. ಅಂಥ ಒಂದು ವಿಮಾನದ ಹೆಸರು ಕಿರಣ. ಇದನ್ನು ಮಾಡಿದ್ದು ನಮ್ಮ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆ. 1964ರಲ್ಲಿ ಇದು ಮೊದಲು ಹಾರಿತು. ಇದರಲ್ಲಿ ಎರಡೇ ಸೀಟು, ಅಕ್ಕಪಕ್ಕ. ಒಂದು ಕಲಿಯುವವರಿಗೆ, ಒಂದು ಕಲಿಸುವವರಿಗೆ. ಕಲಿಯುವವರು ತಪ್ಪಿದರೆ ಗುರು ಕೂಡಲೇ ತಿದ್ದಬಹುದು.

1996ರಲ್ಲಿ ಬೀದರಿನಲ್ಲಿ ಒಂದು ತಂಡ ಹುಟ್ಟಿತು. ಹೆಸರು ಸೂರ್ಯಕಿರಣ. ಒಂಬತ್ತು ಕಿರಣ ವಿಮಾನಗಳು ಕೆಲವೇ ಮಾರು ಅಂತರದಲ್ಲಿ ಒಟ್ಟಿಗೆ ಹಾರುತ್ತಿದ್ದವು. ಪಲ್ಟಿ ಹೊಡೆಯುತ್ತಿದ್ದವು. ಜನ ಬೆರಗಾಗಿ ನೋಡುತ್ತಿದ್ದರು. 2011ರಲ್ಲಿ ಈ ಆಟ ನಿಂತಿತು. 2015ರಲ್ಲಿ ಹಾಕ್ ಎಂಬ ವಿಮಾನದೊಂದಿಗೆ ತಂಡ ಮತ್ತೆ ಶುರುವಾಯಿತು. ಹಾಕ್ ಕೂಡ ಕಲಿಸುವ ವಿಮಾನವೇ.

ನೋಡಲು ಚೆಂದ. ಆದರೆ ಸುಲಭವಲ್ಲ. 2019ರ ಫೆಬ್ರವರಿಯಲ್ಲಿ ಯಲಹಂಕದಲ್ಲಿ ಅಭ್ಯಾಸ ಮಾಡುವಾಗ ಈ ತಂಡದ ಎರಡು ವಿಮಾನ ಡಿಕ್ಕಿಯಾದವು. ಒಬ್ಬ ಪೈಲಟ್ ತೀರಿಕೊಂಡರು. 2023ರ ಜೂನ್ 1ರಂದು ಚಾಮರಾಜನಗರದ ಬಳಿ ಒಂದು ಕಿರಣ ಹೊಲದಲ್ಲಿ ಬಿತ್ತು. ಒಳಗಿದ್ದ ಇಬ್ಬರೂ ಸೀಟಿನ ಸಮೇತ ಹೊರಕ್ಕೆ ಚಿಮ್ಮಿ, ಪ್ಯಾರಾಚೂಟ್ ಕಟ್ಟಿಕೊಂಡು ಇಳಿದರು. ಜೀವ ಉಳಿಯಿತು. ಅವರಲ್ಲಿ ಒಬ್ಬರು ಹೆಣ್ಣುಮಗಳು!

ಹೌದು, ಹೆಣ್ಣುಮಕ್ಕಳೂ ಹಾರುತ್ತಾರೆ. 2016ರಲ್ಲಿ ಅವನಿ, ಭಾವನಾ, ಮೋಹನಾ ಎಂಬ ಮೂವರು ನಮ್ಮ ದೇಶದ ಮೊದಲ ಯುದ್ಧ ವಿಮಾನ ಪೈಲಟ್ ಹೆಣ್ಣುಮಕ್ಕಳಾದರು. ಅವರೂ ಕಿರಣದಲ್ಲಿ ಕಲಿತವರೇ.

ಅವರಿಗೂ ಮೊದಲ ದಿನ ಕೈ ನಡುಗಿರಬಹುದು. ನಾವು ಮೊದಲು ಬಳಪ ಹಿಡಿದಾಗ ನಡುಗಲಿಲ್ಲವೇ? ಪಕ್ಕದಲ್ಲಿ ಕಲಿಸುವವರು ಇದ್ದರು. ದಿನಾ ಅಭ್ಯಾಸ ಮಾಡಿದೆವು. ಈಗ ಈ ಪಾಠ ಓದುತ್ತಿದ್ದೇವೆ. ನಮ್ಮ ಮಗಳು 'ನಾನೂ ವಿಮಾನ ಹಾರಿಸುತ್ತೀನಿ' ಅಂದರೆ ನಗುವುದು ಬೇಡ. ಶಾಲೆ ಬಿಡಿಸದೆ ಓದಿಸೋಣ.

ಓದಿ, ಬರೆಯಿರಿ:
ಕಿರಣ, ವಿಮಾನ, ಗುರು, ಅಭ್ಯಾಸ, ಧೈರ್ಯ

ಉತ್ತರ ಹೇಳಿ:
1. ಕಿರಣ ವಿಮಾನವನ್ನು ಯಾವ ಊರಿನಲ್ಲಿ ಮಾಡಿದರು?
2. ಅದರಲ್ಲಿ ಎರಡು ಸೀಟು ಏಕೆ?
3. ನಿಮ್ಮ ಮಗಳು ಏನಾಗಬೇಕು ಅನ್ನುತ್ತಾಳೆ? ಕೇಳಿ ಬಂದು ಬರೆಯಿರಿ.