ವೇಗವನ್ನಾಳುವ ಕಿರುಸಾಧನ

ಮೈಸೂರಿನ ಮೃಗಾಲಯಕ್ಕೆ ಹೋದವರು ಅಲ್ಲಿ ಸದ್ದಿಲ್ಲದೆ, ಹೊಗೆಯಿಲ್ಲದೆ ಸಂಚರಿಸುವ ಪುಟ್ಟ ವಾಹನಗಳನ್ನು ಕಂಡಿರಬಹುದು. ದೊಡ್ಡ ರೈಲು ನಿಲ್ದಾಣಗಳಲ್ಲಿ ವೃದ್ಧರನ್ನೂ ಅಶಕ್ತರನ್ನೂ ಕುಳ್ಳಿರಿಸಿಕೊಂಡು ಹೋಗುವ ಬ್ಯಾಟರಿ ಗಾಡಿಗಳೂ ಇದೇ ಜಾತಿಯವು. ಇವುಗಳ ಹತ್ತಿರದ ಬಂಧುವೇ ಅಮೆರಿಕದ ಗಾಲ್ಫ್ ಗಾಡಿ. ಗಾಲ್ಫ್ ಆಟದಲ್ಲಿ ಹದಿನೆಂಟು ಕುಳಿಗಳ ಸುತ್ತನ್ನು ಮುಗಿಸಬೇಕಾದರೆ ಆಟಗಾರನು ವಿಶಾಲವಾದ ಹುಲ್ಲುಗಾವಲಿನಲ್ಲಿ ಹಲವು ಮೈಲಿ ನಡೆಯಬೇಕಾಗುತ್ತದೆ. ಆ ಶ್ರಮವನ್ನು ನೀಗಲೆಂದು ಈ ಗಾಡಿಗಳು ಹುಟ್ಟಿಕೊಂಡವು. ಜಾರ್ಜಿಯಾ ಸಂಸ್ಥಾನದ ಅಗಸ್ಟಾ ನಗರದಲ್ಲಿ 1954ರಲ್ಲಿ ಸ್ಥಾಪಿತವಾದ ಇ-ಜಿ-ಗೋ ಸಂಸ್ಥೆಯು ಇವುಗಳ ಪ್ರಸಿದ್ಧ ತಯಾರಕರಲ್ಲೊಂದು.

ಗಟ್ಟಿಯಾದ ಗಾಡಿಯು ದಶಕಗಳ ಕಾಲ ಬಾಳುತ್ತದೆ. ಆದರೆ ಅದರ ಒಂದು ಅಂಗವು ದಿನಕ್ಕೆ ನೂರಾರು ಸಲ ಅಲುಗಾಡಿ ಮೊದಲೇ ಸವೆಯುತ್ತದೆ. ಅದೇ ಥ್ರಾಟಲ್, ಅರ್ಥಾತ್ ವೇಗನಿಯಾಮಕ. ಅದನ್ನು ಬದಲಾಯಿಸುವ ಕ್ರಮವನ್ನೂ, ಆ ಕ್ರಮದ ಹಿಂದಿರುವ ವಿಜ್ಞಾನವನ್ನೂ ನಾವು ಇಲ್ಲಿ ವಿಚಾರಿಸೋಣ.

ವೇಗನಿಯಾಮಕದ ಕೆಲಸ

ಹಳೆಯ ಗಾಡಿಯ ಆಸನದ ಕೆಳಗೆ ಸಾಮಾನ್ಯವಾಗಿ 6 ವೋಲ್ಟಿನ ಆರು ಬ್ಯಾಟರಿಗಳನ್ನು ಸರಣಿಯಾಗಿ ಜೋಡಿಸಿರುತ್ತಾರೆ. ಒಟ್ಟು 36 ವೋಲ್ಟು. ಈ ಶಕ್ತಿಯಿಂದ ಮೋಟಾರು ತಿರುಗಿ ಹಿಂದಿನ ಚಕ್ರಗಳನ್ನು ನಡೆಸುತ್ತದೆ. ಬ್ಯಾಟರಿಯನ್ನು ನೇರವಾಗಿ ಮೋಟಾರಿಗೆ ಸೇರಿಸಿದರೆ ಗಾಡಿಯು ಒಮ್ಮೆಲೇ ನೆಗೆದೀತು. ಆದುದರಿಂದ ನಡುವೆ ಹತೋಟಿ ಬೇಕು.

ಅತ್ಯಂತ ಹಳೆಯ ಗಾಡಿಗಳಲ್ಲಿ ಮೋಟಾರಿಗೆ ಹೋಗುವ ಪ್ರವಾಹವೆಲ್ಲವೂ ದಪ್ಪನೆಯ ರೋಧಸುರುಳಿಗಳ ಮೂಲಕ ಹಾಯುತ್ತಿತ್ತು. ಪೆಡಲನ್ನು ಒತ್ತಿದಂತೆಲ್ಲ ತಾಮ್ರದ ತೋಳೊಂದು ಸರಿದು ಸುರುಳಿಗಳನ್ನು ಒಂದೊಂದಾಗಿ ತಪ್ಪಿಸುತ್ತಿತ್ತು. ಇದು ಸರಳವಾದುದು ನಿಜ, ಆದರೆ ದುಬಾರಿ. ಒಂದು ಲೆಕ್ಕವನ್ನು ನೋಡಿರಿ. ಸುರುಳಿಗಳಲ್ಲಿ 12 ವೋಲ್ಟು ಇಳಿದು 100 ಆಂಪಿಯರು ಹರಿದರೆ 1200 ವ್ಯಾಟ್ ಬರಿಯ ಶಾಖವಾಗಿ ಹೋಗುತ್ತದೆ. ಬ್ಯಾಟರಿಯು ಕೊಟ್ಟುದು 3600 ವ್ಯಾಟ್. ಮೂರರಲ್ಲೊಂದು ಪಾಲು ವ್ಯರ್ಥವಾದಂತಾಯಿತು!

ಅನಂತರ ಬಂದ ಗಾಡಿಗಳಲ್ಲಿ ಕಂಟ್ರೋಲರ್ ಎಂಬ ವಿದ್ಯುನ್ಮಾನ ಪೆಟ್ಟಿಗೆಯು ಈ ಭಾರವನ್ನು ಹೊತ್ತುಕೊಂಡಿತು. ಅದು ಪ್ರವಾಹವನ್ನು ಸೆಕೆಂಡಿಗೆ ಸಾವಿರಾರು ಸಲ ಬಿಟ್ಟು ತಡೆದು, ಬಿಡುವ ಅವಧಿಯನ್ನು ಹೆಚ್ಚುಕಡಿಮೆ ಮಾಡುವುದರಿಂದಲೇ ವೇಗವನ್ನು ನಿಯಂತ್ರಿಸುತ್ತದೆ. ಶಾಖದ ನಷ್ಟ ಅತ್ಯಲ್ಪ. ಪೆಡಲಿಗೆ ಹೊಂದಿಕೊಂಡ ವೇಗನಿಯಾಮಕವು ಇಲ್ಲಿ ಶಕ್ತಿಯನ್ನು ಸಾಗಿಸುವುದಿಲ್ಲ. ಚಾಲಕನ ಅಪ್ಪಣೆಯನ್ನು ಮಾತ್ರ ತಲುಪಿಸುತ್ತದೆ. ಅನೇಕ ಗಾಡಿಗಳಲ್ಲಿ ಅದು 0ಯಿಂದ 5000 ಓಮ್‌ವರೆಗೆ ರೋಧವನ್ನು ಬದಲಿಸುವ ಒಂದು ಪೊಟೆನ್ಷಿಯೋಮೀಟರ್. ಜರ್ಮನ್ ವಿಜ್ಞಾನಿ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ, 5000 ಓಮ್ ರೋಧಕ್ಕೆ 5 ವೋಲ್ಟನ್ನು ಕೊಟ್ಟರೆ ಹರಿಯುವುದು ಆಂಪಿಯರಿನ ಸಾವಿರದಲ್ಲೊಂದು ಪಾಲು. ಮೋಟಾರಿನಲ್ಲಿಯೋ 100 ಆಂಪಿಯರು! ಹೀಗೆ ತನಗಿಂತ ಲಕ್ಷಪಾಲು ದೊಡ್ಡದಾದ ಪ್ರವಾಹವನ್ನು ಈ ಕಿರುಸಾಧನವು ಆಳುತ್ತದೆ. ಆನೆಗೆ ಅಂಕುಶವಿದ್ದಂತೆ ಗಾಡಿಗೆ ಇದು. ಅಂಕುಶವು ಸುಳ್ಳಾಡಿದರೆ ಆನೆಯ ಗತಿಯೇನು?

ದೋಷವನ್ನು ಗುರುತಿಸುವುದು

ಪೊಟೆನ್ಷಿಯೋಮೀಟರಿನ ಒಳಗೆ ತೆಳುವಾದ ರೋಧಪಟ್ಟಿಯೊಂದರ ಮೇಲೆ ಲೋಹದ ನಾಲಗೆಯೊಂದು ಉಜ್ಜಿಕೊಂಡು ಚಲಿಸುತ್ತದೆ. ಗಾಡಿಯು ಹೊರಡುವಾಗಿನ ಜಾಗದಲ್ಲಿ ಪಟ್ಟಿಯು ಹೆಚ್ಚಾಗಿ ಸವೆಯುತ್ತದೆ. ಆಗ ಗಾಡಿಯು ಮೊದಲು ಕದಲದೆ, ಅನಂತರ ಫಕ್ಕನೆ ಮುಂದಕ್ಕೆ ಜಿಗಿಯುತ್ತದೆ. ಇಲ್ಲವೆ ನಡುನಡುವೆ ಮುಗ್ಗರಿಸುತ್ತದೆ. ಇಲ್ಲವೆ ಪೂರ್ಣ ವೇಗವನ್ನು ಮುಟ್ಟುವುದೇ ಇಲ್ಲ.

ಆದರೆ ಇವೇ ಲಕ್ಷಣಗಳು ಬಲಗುಂದಿದ ಬ್ಯಾಟರಿಯಿಂದಲೂ, ತುಕ್ಕು ಹಿಡಿದ ತಂತಿಯಿಂದಲೂ, ಪೆಡಲಿನ ಬಳಿಯ ಸ್ವಿಚ್ಚು ಕೆಟ್ಟುದರಿಂದಲೂ ತೋರಬಹುದು. ಅವಸರಪಟ್ಟು ಆರು ಬ್ಯಾಟರಿಗಳನ್ನೂ ಹೊಸದಾಗಿ ಕೊಂಡು, ಗಾಡಿಯು ಮತ್ತೆ ಹಾಗೆಯೇ ಮುಗ್ಗರಿಸಿದರೆ ಹಣವೂ ಹೋಯಿತು, ದೋಷವೂ ಉಳಿಯಿತು. ಆದುದರಿಂದ ಮೊದಲು ಅಳೆಯಬೇಕು, ಅನಂತರ ಬದಲಾಯಿಸಬೇಕು. ಬ್ಯಾಟರಿಯ ಸಂಬಂಧವನ್ನು ತಪ್ಪಿಸಿ, ವೇಗನಿಯಾಮಕದ ತಂತಿಗಳನ್ನು ಕಂಟ್ರೋಲರಿನಿಂದ ಬೇರ್ಪಡಿಸಿ, ಓಮ್ ಅಳೆಯುವ ಮೀಟರನ್ನು ಅವಕ್ಕೆ ಸೇರಿಸಿ ಪೆಡಲನ್ನು ಮೆಲ್ಲಮೆಲ್ಲನೆ ಒತ್ತಬೇಕು. 0ಯ ಹತ್ತಿರದಿಂದ ಹೊರಟ ಅಂಕಿಯು ಸುಮಾರು 5000ದವರೆಗೆ ಸಮನಾಗಿ ಏರಿದರೆ ಸಾಧನವು ಸರಿಯಾಗಿದೆ. ನಡುವೆ ಅಂಕಿಯು ಹಾರಿದರೆ ಅಥವಾ ಮಾಯವಾದರೆ ದೋಷವು ಸಿಕ್ಕಿತೆಂದೇ ತಿಳಿಯಬೇಕು.

ಬದಲಾಯಿಸುವ ಕ್ರಮ

ಇದು ಬಲ್ಲ ಹಿರಿಯರು ಮಾಡತಕ್ಕ ಕೆಲಸ. ವಿದ್ಯಾರ್ಥಿಗಳು ಪಕ್ಕದಲ್ಲಿ ನಿಂತು ನೋಡಿ ಕಲಿಯಬಹುದು.

1. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಕೀಲಿಯನ್ನು ತೆಗೆದು, ಮುಂದಿನ ಚಕ್ರಗಳಿಗೆ ತಡೆಯಿಟ್ಟು, ಹಿಂದಿನ ಚಕ್ರಗಳನ್ನು ನೆಲದಿಂದೆತ್ತಿ ಭದ್ರವಾದ ಆಸರೆಯ ಮೇಲೆ ನಿಲ್ಲಿಸಬೇಕು.

2. ಉಂಗುರ, ಬಳೆ, ಕೈಗಡಿಯಾರಗಳನ್ನು ಕಳಚಿಡಬೇಕು. ಲೋಹವು ಬ್ಯಾಟರಿಯ ಎರಡು ತುದಿಗಳನ್ನು ಕೂಡಿಸಿದರೆ ಕ್ಷಣಾರ್ಧದಲ್ಲಿ ಕಾದು ಕೆಂಪಾಗಬಲ್ಲದು. ಬ್ಯಾಟರಿಯಿಂದ ಜಲಜನಕವು ಹೊರಬರುವುದರಿಂದ ಬೆಂಕಿಯಾಗಲಿ ಬೀಡಿಯಾಗಲಿ ಹತ್ತಿರ ಸುಳಿಯಬಾರದು.

3. ಬ್ಯಾಟರಿಮಾಲೆಯ ಋಣತಂತಿಯನ್ನು ಬಿಚ್ಚಬೇಕು. ಆಮೇಲೂ ಕಂಟ್ರೋಲರಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ತಕ್ಕ ರೋಧವೊಂದನ್ನು ಅದರ ಧನ ಋಣ ತುದಿಗಳಿಗೆ ಕೆಲವು ಸೆಕೆಂಡು ಹಿಡಿದು ಅದನ್ನು ಬರಿದುಮಾಡಬೇಕು.

4. ಪ್ರತಿಯೊಂದು ತಂತಿಗೂ ಚೀಟಿ ಕಟ್ಟಿ, ಜೋಡಣೆಯ ಚಿತ್ರವನ್ನು ಬರೆದಿಟ್ಟುಕೊಂಡ ಮೇಲೆಯೇ ಹಳೆಯ ಸಾಧನವನ್ನು ಕಳಚಬೇಕು.

5. ಹೊಸದು ಹಳೆಯದರ ಜಾತಿಯದೇ ಆಗಿರಬೇಕು. ಕೆಲವು ಗಾಡಿಗಳಲ್ಲಿ ಪೆಡಲನ್ನು ಒತ್ತಿದಂತೆ ರೋಧವು 0ಯಿಂದ 5000ಕ್ಕೆ ಏರುತ್ತದೆ. ಕೆಲವುಗಳಲ್ಲಿ 5000ದಿಂದ 0ಗೆ ಇಳಿಯುತ್ತದೆ. ಇನ್ನು ಕೆಲವುಗಳಲ್ಲಿ ಉಜ್ಜುವ ನಾಲಗೆಯೇ ಇಲ್ಲದೆ ಕಾಂತಪ್ರೇರಣೆಯಿಂದ ಕೆಲಸಮಾಡುವ ಸಾಧನವಿರುತ್ತದೆ. ನೋಟಕ್ಕೆ ಒಂದೇ ಎಂದು ಒಂದರ ಬದಲಿಗೆ ಇನ್ನೊಂದನ್ನು ಹಾಕಿದರೆ ‘ನಿಲ್ಲು’ ಎಂಬ ಅಪ್ಪಣೆಯು ‘ಓಡು’ ಎಂದಾಗಿಬಿಟ್ಟೀತು.

6. ಪೆಡಲಿನ ಸಲಾಕೆಯನ್ನು ಹೊಂದಿಸಿ, ಕಾಲು ತೆಗೆದೊಡನೆ ಸ್ಪ್ರಿಂಗು ಪೆಡಲನ್ನು ಪೂರ್ತಿ ಹಿಂದಕ್ಕೆ ತರುವುದೇ ಎಂದು ಹತ್ತು ಸಲ ಪರೀಕ್ಷಿಸಬೇಕು. ಮೀಟರಿನಿಂದ ಮತ್ತೊಮ್ಮೆ ಅಳೆದು, ತಂತಿಗಳನ್ನು ಚಿತ್ರದಂತೆ ಸೇರಿಸಿ, ಬ್ಯಾಟರಿಯ ತಂತಿಯನ್ನು ಕಟ್ಟಕಡೆಗೆ ಜೋಡಿಸಬೇಕು.

7. ಚಕ್ರಗಳು ಮೇಲಿರುವಾಗಲೇ ಪೆಡಲನ್ನು ಸ್ವಲ್ಪ ಸ್ವಲ್ಪವಾಗಿ ಒತ್ತಿ ನೋಡಬೇಕು. ಪೂರ್ತಿ ಒತ್ತಬಾರದು. ಹಳೆಯ ಗಾಡಿಗಳ ಸರಣಿ ಮೋಟಾರಿಗೆ ಭಾರವಿಲ್ಲದಿದ್ದರೆ ಅದು ಮಿತಿಮೀರಿದ ವೇಗಕ್ಕೇರಿ ಕೆಟ್ಟುಹೋದೀತು.

ನಾವು ಗ್ರಹಿಸಬೇಕಾದ ತತ್ತ್ವ

ಇಲ್ಲೊಂದು ಪ್ರಶ್ನೆಯೇಳುತ್ತದೆ. ರೋಧವು ಹೆಚ್ಚಿದಂತೆ ವೇಗವು ಹೆಚ್ಚುವ ಗಾಡಿಯಲ್ಲಿ ವೇಗನಿಯಾಮಕದ ತಂತಿಯು ದಾರಿಯಲ್ಲಿ ತುಂಡಾದರೆ ಆಗುವುದೇನು? ತುಂಡಾದ ತಂತಿಯ ರೋಧವು ಅಪಾರ. ಕಂಟ್ರೋಲರ್ ಅದನ್ನು ‘ಪೂರ್ಣ ವೇಗ’ ಎಂದು ಓದಿಕೊಂಡರೆ ಗಾಡಿಯಲ್ಲಿ ಕುಳಿತವರ ಪ್ರಾಣಕ್ಕೇ ಸಂಚಕಾರ. ಇದನ್ನು ಮುಂಗಂಡು, ಒಳ್ಳೆಯ ಕಂಟ್ರೋಲರುಗಳು ರೋಧವು 5000 ಓಮನ್ನು ಬಹುವಾಗಿ ಮೀರಿದರೆ ಅದನ್ನು ಅಪ್ಪಣೆಯೆಂದು ಎಣಿಸದೆ, ದೋಷವೆಂದೆಣಿಸಿ ಮೋಟಾರನ್ನು ನಿಲ್ಲಿಸುವಂತೆ ರಚಿತವಾಗಿವೆ. ಪೆಡಲನ್ನು ಮೊದಲೇ ಒತ್ತಿಹಿಡಿದು ಕೀಲಿಯನ್ನು ತಿರುಗಿಸಿದರೆ ಗಾಡಿಯು ಹೊರಡದಂತೆಯೂ ಅನೇಕವು ತಡೆಯುತ್ತವೆ. ಸಾಧನವು ಕೆಡುವುದನ್ನು ಪೂರ್ತಿಯಾಗಿ ತಪ್ಪಿಸಲಾಗದು. ಕೆಟ್ಟಾಗ ಅದು ಓಡದೆ ನಿಲ್ಲುವಂತೆ ಮಾಡಬಹುದು. ಯಂತ್ರಶಿಲ್ಪಿಯ ಧರ್ಮವೇ ಇದು.

ಆದುದರಿಂದ ಪೋಷಕರಲ್ಲಿ ನಮ್ಮದೊಂದು ಬಿನ್ನಹ. ಮನೆಯಲ್ಲಿ ಬ್ಯಾಟರಿಯ ಸ್ಕೂಟರಾಗಲಿ ಇನ್ನಾವ ವಾಹನವಾಗಲಿ ಮುಗ್ಗರಿಸಿ ಜಿಗಿಯತೊಡಗಿದರೆ, ‘ಹೇಗೋ ಓಡುತ್ತಿದೆಯಲ್ಲ’ ಎಂದು ಸುಮ್ಮನಿರಬೇಡಿರಿ. ನಿಲ್ಲಿಸಿ ಪರೀಕ್ಷಿಸಿರಿ. ರಕ್ಷಣೆಗೆಂದು ಇಟ್ಟ ಸ್ವಿಚ್ಚನ್ನು ತಂತಿ ಸುತ್ತಿ ದಾಟಿಸುವ ಉಪಾಯವನ್ನು ಯಾರೇ ಹೇಳಿಕೊಟ್ಟರೂ ಒಪ್ಪಬೇಡಿರಿ. ವಿದ್ಯಾರ್ಥಿಗಳಾದರೋ, ತರಗತಿಯಲ್ಲಿ ಕಲಿತ ಓಮನ ನಿಯಮವು ಪರೀಕ್ಷೆಯ ಅಂಕಗಳಿಗಾಗಿ ಮಾತ್ರ ಇರುವುದಲ್ಲವೆಂಬುದನ್ನು ಮನಗಾಣಲಿ. ಅದನ್ನರಿತು ಅಳೆಯಬಲ್ಲವನು ಊಹೆಯ ಖರ್ಚಿನಿಂದಲೂ ಅಪಾಯದಿಂದಲೂ ತನ್ನವರನ್ನು ಕಾಪಾಡಬಲ್ಲನು.

ಅಭ್ಯಾಸ

1. 8 ವೋಲ್ಟಿನ ಆರು ಬ್ಯಾಟರಿಗಳನ್ನು ಸರಣಿಯಾಗಿ ಜೋಡಿಸಿದರೆ ಒಟ್ಟು ಎಷ್ಟು ವೋಲ್ಟು?

2. 0ಯಿಂದ 5000 ಓಮ್‌ವರೆಗೆ ಸಮನಾಗಿ ಏರುವ ವೇಗನಿಯಾಮಕದ ಪೆಡಲನ್ನು ಅರ್ಧ ಒತ್ತಿದಾಗ ಮೀಟರು ಎಷ್ಟನ್ನು ತೋರಿಸಬೇಕು?

3. ಬ್ಯಾಟರಿಯ ತಂತಿಯನ್ನು ಮೊದಲು ಬಿಚ್ಚಿ, ಕಡೆಗೆ ಜೋಡಿಸುವುದೇಕೆ? ಮನೆಯಲ್ಲಿ ಹಿರಿಯರೊಡನೆ ಚರ್ಚಿಸಿ ಬರೆಯಿರಿ.