ದಿನದ ಧಮ್ಮ ಚಿಂತನೆ: ಕುಲ ಕೇಳದ ದಾನ

 



1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ 12ನೆಯದು, ಹತ್ತು ಪಾರಮಿಗಳನ್ನು ಪಾಲಿಸುವುದು. ಆ ಹತ್ತರಲ್ಲಿ ಮೊದಲನೆಯದೇ ದಾನ. ಇಂದು ರಕ್ತದಾನದ ಬಗ್ಗೆ ಯೋಚಿಸೋಣ.

ವಾಸೆಟ್ಠ ಸುತ್ತದಲ್ಲಿ ಭಗವಾನ್ ಬುದ್ಧರ ಮಾತಿನ ಸಾರ ಇದು: ಹುಲ್ಲು, ಮರ, ಮೀನು, ಹಕ್ಕಿಗಳಲ್ಲಿ ಹುಟ್ಟಿನಿಂದಲೇ ಬೇರೆ ಬೇರೆ ಗುರುತುಗಳಿವೆ; ಮನುಷ್ಯರ ದೇಹದಲ್ಲಿ ಅಂಥ ಗುರುತಿಲ್ಲ. ಜಾತಿ ರಕ್ತದ ಶುದ್ಧಿಯನ್ನು ಕಾಯುತ್ತದೆ ಎಂಬ ವಾದವನ್ನು ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ'ದಲ್ಲಿ ತಳ್ಳಿಹಾಕಿದರು. ರಕ್ತದ ಚೀಲದ ಮೇಲೆ ಎ, ಬಿ, ಎಬಿ, ಓ ಎಂದು ಬರೆದಿರುತ್ತದೆ, ಕುಲದ ಹೆಸರಲ್ಲ. ನಮ್ಮ ಹಿರಿಯರು ಮುಟ್ಟಿದ ನೀರನ್ನು ಮೈಲಿಗೆ ಎಂದ ಸಮಾಜದಲ್ಲೇ ಈ ದಾನ ನಡೆಯುತ್ತಿದೆ.

ಹಿಂದೆ ಹಸಿದ ಬಡವರು ಹಣಕ್ಕಾಗಿ ರಕ್ತ ಮಾರುತ್ತಿದ್ದರು. 1996ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, 1998ರ ಜನವರಿ 1ರಿಂದ ಅದು ನಿಷೇಧವಾಯಿತು. ಮಾರಾಟ ನಿಂತ ಮೇಲೆ ಉಳಿದ ದಾರಿ ಎರಡು: ತಮ್ಮವರಿಗಾಗಿ ಕೊಡುವ ಬದಲಿ ರಕ್ತ, ಯಾರಿಗೆಂದು ತಿಳಿಯದೆ ಕೊಡುವ ಸ್ವಯಂಪ್ರೇರಿತ ರಕ್ತ. ತಮ್ಮವರಿಗೆ ಕೊಡುವುದು ತಪ್ಪಲ್ಲ. ಆದರೆ ಮಲ್ಲೇಶ್ವರಂನ ಕೆ.ಸಿ. ಜನರಲ್‌ನಂಥ ಸರ್ಕಾರಿ ಆಸ್ಪತ್ರೆಗೆ ಹೆರಿಗೆಗೆ ಬಂದ, ಊರಲ್ಲಿ ಯಾರೂ ಇಲ್ಲದ ತಾಯಿಗೆ ರಕ್ತಸ್ರಾವವಾದರೆ ಬದಲಿ ಕೊಡುವವರು ಯಾರು? ಅವಳನ್ನು ಉಳಿಸುವುದು ಅಪರಿಚಿತರು ಮೊದಲೇ ಕೊಟ್ಟಿಟ್ಟ ರಕ್ತ.

ಇನ್ನೊಂದು ಮಾತು. ಏಪ್ರಿಲ್ 14ರ ಜಯಂತಿಯಂದು ಶಿಬಿರಗಳಲ್ಲಿ ಸಾಲು ನಿಲ್ಲುತ್ತದೆ. ಸಂತೋಷ. ಆದರೆ ಕೆಂಪು ರಕ್ತಕಣ ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್ ಸುಮಾರು 5 ದಿನ ಉಳಿಯುತ್ತದೆ. ಜಯಂತಿಯ ರಕ್ತ ಮೇ ಮುಗಿಯುವ ಹೊತ್ತಿಗೆ ಇರುವುದಿಲ್ಲ. ಮಳೆಗಾಲದ ಡೆಂಗಿ ಬಂದಾಗ ಬೇರೆಯವರು ಕೊಡಬೇಕು. ಎಲ್ಲರೂ ಒಂದೇ ದಿನ ಕೊಡುವ ಬದಲು ವರ್ಷವಿಡೀ ಹಂಚಿಕೊಂಡರೆ ಅದು ಪಾರಮಿಯ ಅಭ್ಯಾಸವಾಗುತ್ತದೆ.

*ಇಂದಿನ ಅಭ್ಯಾಸ*

▪️ 18 ವರ್ಷ ದಾಟಿ, 45 ಕೆ.ಜಿ. ತೂಕ, 12.5 ಹಿಮೋಗ್ಲೋಬಿನ್ ಇದ್ದು ಆರೋಗ್ಯವಂತರಾದವರು ಕೊಡಬಹುದು. ಪುರುಷರು 3 ತಿಂಗಳಿಗೊಮ್ಮೆ, ಮಹಿಳೆಯರು 4 ತಿಂಗಳಿಗೊಮ್ಮೆ.

▪️ ಅಲ್ಲಿ ಕೇಳುವ ಪ್ರಶ್ನೆಗಳಿಗೆ ನಿಜವನ್ನೇ ಹೇಳಿ. ಹೊಸ ಸೋಂಕು ಪರೀಕ್ಷೆಗೆ ಸಿಗದೆ ಹೋಗಬಹುದು. ನಾಲ್ಕನೆಯ ಶೀಲ ಇಲ್ಲಿ ಒಂದು ಜೀವವನ್ನು ಕಾಯುತ್ತದೆ.

▪️ ಕೊಡಲಾಗದವರು ಮೊದಲ ಸಲ ಕೊಡುವವರ ಜೊತೆಗೆ ಹೋಗಿ. ಅದೂ ದಾನವೇ.

ನಿಮ್ಮ ತಿಂಗಳು ಯಾವುದು? ಮನೆಯಲ್ಲಿ ಮಾತಾಡಿ ಇಂದೇ ಗೊತ್ತುಮಾಡಿಕೊಳ್ಳಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು. 🪷